ಗಾಳಿಗೆ ಅಲ್ಲಾಡದ ಕ್ರಾಪು

ಬೆಳಗ್ಗೆ ಏಳೂಕಾಲು. ನೆಲಮಂಗಲದಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಕೊಂಡಪ್ಪನ ಕೂದಲು ಅಲ್ಲಾಡಲಿಲ್ಲ.

ನಡೆದದ್ದು ಇಷ್ಟೇ. ಯಾರಿಗೂ ಗಾಯವಾಗಲಿಲ್ಲ, ಯಾರ ಸೊತ್ತೂ ಕಳುವಾಗಲಿಲ್ಲ. ಆದರೆ ಗೊತ್ತಾಗಿದ್ದ ಒಂದು ಮದುವೆ ಮುರಿಯುವ ಹಂತಕ್ಕೆ ಬಂದದ್ದು ಇದರಿಂದಲೇ. ಈ ಬಗ್ಗೆ ನೆಲಮಂಗಲದಲ್ಲಿ ಒಂದು, ಹೊಸಕೋಟೆ ಕಡೆ ಇನ್ನೊಂದು ಕಥೆ ಓಡಾಡುತ್ತಿರುವುದರಿಂದ ಆದದ್ದನ್ನು ಆದ ಹಾಗೆ ಬರೆದಿಡುವುದು ಒಳ್ಳೆಯದು.

ಅದು ಎಪ್ಪತ್ತಮೂರರ ಚಳಿಗಾಲ. ಆಗಿನ ಬಸ್ಸಿನ ಕಿಟಕಿಗಳಿಗೆ ಗಾಜು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮಾಕಳಿ ದಾಟಿ ಬಸ್ಸು ವೇಗ ಹಿಡಿದರೆ ಒಳಗಿದ್ದ ಗಂಡಸರ ಕೂದಲೆಲ್ಲ ರಾಗಿ ಹೊಲದ ಹಾಗೆ ಒಂದೇ ದಿಕ್ಕಿಗೆ ವಾಲುತ್ತಿತ್ತು. ಕಿವಿ ಮುಚ್ಚುವಷ್ಟು ಉದ್ದದ ಕ್ರಾಪು, ಕೆನ್ನೆಯ ಅರ್ಧಕ್ಕೆ ಇಳಿಬಿಟ್ಟ ಕೂದಲು, ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಹಲ್ಲು ಕಾಣುವ ಹಾಗೆ ಸಿಕ್ಕಿಸಿದ ಬಾಚಣಿಗೆ, ಇವು ಆ ಕಾಲದ ಹುಡುಗರ ಲಕ್ಷಣ. ಯಶವಂತಪುರದಲ್ಲಿ ಬಸ್ಸು ನಿಂತ ತಕ್ಷಣ ಹಿಂದಿನ ಜೇಬುಗಳಿಂದ ಬಾಚಣಿಗೆಗಳು ಹೊರಬರುತ್ತಿದ್ದವು. ಮರೆತು ಬಂದವನು ಪಕ್ಕದವನ ಬಾಚಣಿಗೆ ಕೇಳುತ್ತಿದ್ದ. ಗುರುತು ಪರಿಚಯ ಇಲ್ಲದಿದ್ದರೂ ಪಕ್ಕದವನು ಕೊಡುತ್ತಿದ್ದ. ಈಗ ಇದನ್ನು ಹೇಳಿದರೆ ಮನೆಯ ಮಕ್ಕಳು ಮುಖ ಸಿಂಡರಿಸುತ್ತವೆ.

ಕೊಂಡಪ್ಪ ಯಶವಂತಪುರದ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತ. ಬುದ್ಧಿ ಸಾಧಾರಣ, ನಡತೆ ಒಳ್ಳೆಯದು, ಕೂದಲು ವಿಪರೀತ. ಅಷ್ಟು ದಟ್ಟವಾದ ಕೂದಲು ಇಡೀ ನಮ್ಮ ಬೀದಿಯಲ್ಲಿ ಇನ್ನೊಂದು ತಲೆಯ ಮೇಲೆ ಇರಲಿಲ್ಲ. ಬಿಟ್ಟರೆ ಅದು ಎಲ್ಲರ ಕೂದಲಿನ ಹಾಗೆ ಕೆಳಗೆ ಇಳಿಯುತ್ತಿರಲಿಲ್ಲ, ಮೇಲಕ್ಕೆ ಹೋಗುತ್ತಿತ್ತು. ಅದಕ್ಕೇ ಚಿಕ್ಕದಾಗಿ ಕತ್ತರಿಸುತ್ತಿದ್ದರು. ಚಿಕ್ಕದಾದರೆ ಬ್ರಷ್ಷಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಸ್ಕೂಲಿನಲ್ಲಿ ಅವನ ಹಿಂದೆ ಕೂತವರು ಬಳಪ, ಪೆನ್ಸಿಲ್ಲು ಎಲ್ಲ ಅವನ ತಲೆಗೇ ಸಿಕ್ಕಿಸುತ್ತಿದ್ದರು. ಅವನಿಗೆ ಗೊತ್ತಾಗುತ್ತಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಯ ಸೀಸೆಯನ್ನು ಅವನ ತಾಯಿ ಮುನಿವೆಂಕಟಮ್ಮ ಕಾಂಪೌಂಡು ಗೋಡೆಯ ಮೇಲೆ ಬಿಸಿಲಿಗೆ ಇಡುತ್ತಿದ್ದರು. ಕರಗಿದ ಎಣ್ಣೆಯಲ್ಲಿ ಅರ್ಧ ಆ ತಲೆಗೇ ಹೋಗುತ್ತಿತ್ತು. ಹೋದ ಎಣ್ಣೆ ಎಲ್ಲಿ ಹೋಯಿತು ಎಂಬುದಕ್ಕೆ ಯಾವ ಗುರುತೂ ಕಾಣುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಕೊಂಡಪ್ಪ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಗೆ ಹೆಣ್ಣು ನೋಡಲು ಹೋದ. ಹುಡುಗಿಯ ಹೆಸರು ಮುನಿರತ್ನಮ್ಮ. ತಂದೆ ಇಲ್ಲದ್ದರಿಂದ ಸೋದರಮಾವ ದೊಡ್ಡಬೀರಪ್ಪನವರ ಮನೆಯಲ್ಲೇ ಬೆಳೆದವಳು. ಅವಳು ಕಾಫಿ ತಂದಳು, ಲೋಟ ಕೊಟ್ಟಳು, ಕೊಂಡಪ್ಪನ ತಲೆ ನೋಡಿದಳು, ನಕ್ಕಳು, ಒಳಗೆ ಹೋದಳು. ಸಂಜೆಯೊಳಗೆ ಒಪ್ಪಿಗೆಯೂ ಬಂತು. ಸಂಕ್ರಾಂತಿ ಕಳೆದು ವೀಳ್ಯಶಾಸ್ತ್ರ ಎಂದು ಗೊತ್ತಾಯಿತು.

ಹುಡುಗಿ ನಕ್ಕದ್ದು ತನ್ನ ಕೂದಲು ನೋಡಿ, ಅದೂ ಅದು ಹಿಡಿಸದೆ, ಎಂದು ಕೊಂಡಪ್ಪ ತೀರ್ಮಾನಿಸಿದ. ತೀರ್ಮಾನದ ಮೊದಲ ಅರ್ಧ ಸರಿಯಾಗಿತ್ತು.

ವೀಳ್ಯಶಾಸ್ತ್ರದ ಹೊತ್ತಿಗೆ ಪಕ್ಕದಲ್ಲಿ ಬೈತಲೆ ತೆಗೆದು, ಮುಂದೆ ಒಂದು ಅಲೆ ಎಬ್ಬಿಸಿ, ನಾಗರಿಕನಂತೆ ಕಾಣಬೇಕೆಂದು ಅವನ ಆಸೆ. ಊರಿನ ಸಲೂನು ಬಿಟ್ಟು ಬೆಂಗಳೂರಿನ ಸಲೂನಿಗೆ ಹೋಗತೊಡಗಿದ್ದ. ಅಲ್ಲಿಯೂ ಕೂದಲು ಮಲಗಲಿಲ್ಲ. ಕೊನೆಗೆ ಆಫೀಸಿನಲ್ಲಿ ಪಕ್ಕದ ಮೇಜಿನವನೊಬ್ಬ ಸಲಹೆ ಕೊಟ್ಟ.

"ಗುರು, ಗಂಜಿ ಹಾಕಿದ್ರೆ ಅಂಗಿ ಕಾಲರು ಹೆಂಗೆ ಮಡಿಸಿದ್ರೆ ಹಂಗೇ ನಿಲ್ಲುತ್ತೆ ತಾನೆ?"

"ಹೌದು."

"ಕೂದಲೂ ಹಂಗೇ."

ಮಾರನೆಯ ದಿನ ಬೆಳಗ್ಗೆ ಮುನಿವೆಂಕಟಮ್ಮ ಅಡುಗೆಮನೆಯಲ್ಲಿ ತಪ್ಪಲೆ ಹುಡುಕುತ್ತಿದ್ದರು.

"ಲೇ, ನಿಮ್ಮಪ್ಪನ ಪಂಚೆಗೆ ಅಂತ ಗಂಜಿ ತೆಗೆದಿಟ್ಟಿದ್ದೆ, ಎಲ್ಲೋ?"

"ನನಗೆ ಬೇಕಾಗಿತ್ತು ಕಣಮ್ಮ."

"ಕುಡಿದ್ಬಿಟ್ಟೆಯಾ?"

"ಹ್ಞೂಂ."

"ಪಂಚೆ ಗಂಜಿ ಕುಡಿಯೋ ಅಷ್ಟು ಹಸಿವಾ? ಕರೆದಿದ್ರೆ ಮುದ್ದೆ ಕೊಡ್ತಿರ್ಲಿಲ್ವಾ?"

ಏಳು ಗಂಟೆಗೆ ಕೂದಲು ಒಣಗಿತು. ಹುಟ್ಟಿದಾಗಿನಿಂದ ಮೊದಲ ಸಲ ಮಲಗಿತು. ಮುಟ್ಟಿದರೆ ಟಕ್ ಎಂದು ಸದ್ದಾಗುತ್ತಿತ್ತು. ಆ ತಲೆ ಹೊತ್ತು ಕೊಂಡಪ್ಪ ಬಸ್ಸು ಹತ್ತಿದ.

ಅವನ ಹಿಂದಿನ ಸೀಟಿನಲ್ಲಿ ದೊಡ್ಡಬೀರಪ್ಪ ಇದ್ದರು. ಎತ್ತು ನೋಡಲು ತುಮಕೂರಿನ ಕಡೆ ಹೋಗಿ, ನೆಲಮಂಗಲದ ನೆಂಟರ ಮನೆಯಲ್ಲಿ ರಾತ್ರಿ ಉಳಿದು ಊರಿಗೆ ಹೊರಟಿದ್ದರು. ಅಳಿಯನಾಗುವವನನ್ನು ಕಂಡರೂ ಅವರು ಕೂಗಲಿಲ್ಲ. ಎತ್ತಾಗಲಿ ಗಂಡಾಗಲಿ, ನೋಡುತ್ತಿದ್ದೇವೆಂದು ಅದಕ್ಕೆ ಗೊತ್ತಾಗದಂತೆ ನೋಡಬೇಕು ಎಂಬುದು ಅವರ ನಿಲುವು. ನೋಡಿದರು. ಬಸ್ಸಿನ ಎಲ್ಲ ಕೂದಲೂ ವಾಲಿತು. ದೊಡ್ಡಬೀರಪ್ಪನವರ ರುಮಾಲಿನ ತುದಿ ಹಾರಿ ಪಕ್ಕದವರ ಬಾಯಿಗೆ ಹೋಯಿತು. ಕೊಂಡಪ್ಪನ ತಲೆಯ ಮೇಲೆ ಒಂದು ಎಳೆಯೂ ಕದಲಲಿಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಅನುಗೊಂಡನಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ದೊಡ್ಡಬೀರಪ್ಪ ಕಾಯಂ ರಾಜ. ಕಿರೀಟ, ಗದೆ, ಭುಜಕೀರ್ತಿಯ ಜೊತೆಗೆ ತಲೆಗೆ ಹಾಕುವ ಕೃತಕ ಕೂದಲೂ ಬೆಂಗಳೂರಿನ ಅಂಗಡಿಯಿಂದ ಬಾಡಿಗೆಗೆ ಬರುತ್ತಿತ್ತು. ಅದಕ್ಕೆ ನಮ್ಮ ಕಡೆ ಟೋಪನ್ನು ಎನ್ನುತ್ತಾರೆ. ವರ್ಷ ವರ್ಷ ಅದನ್ನು ಹೊತ್ತದ್ದರಿಂದ ಟೋಪನ್ನಿನ ವಿಚಾರದಲ್ಲಿ ತಮ್ಮನ್ನು ಮೀರಿಸಿದವರು ಆ ಹೋಬಳಿಯಲ್ಲಿ ಇಲ್ಲವೆಂದು ಅವರು ತಿಳಿದಿದ್ದರು.

ಮಧ್ಯಾಹ್ನ ಅವರು ಮನೆ ತಲುಪಿದಾಗ ತಾಯಿ ಅಮ್ಮಯಮ್ಮ ಜಗಲಿಯಲ್ಲಿ ಮೊಮ್ಮಗಳ ಜೊತೆ ಅವರೆಕಾಯಿ ಬಿಡಿಸುತ್ತಿದ್ದರು.

"ಅವ್ವಾ, ಹುಡುಗ ಬೋಡ."

"ಯಾವ ಹುಡುಗ್ನಲಾ?"

"ನಮ್ಮ ರತ್ನಂಗೆ ಗೊತ್ತು ಮಾಡಿರೋನು. ತಲೆ ಮೇಲಿರೋದು ಕೂದಲಲ್ಲ. ಟೋಪನ್ನು."

ಮುನಿರತ್ನಮ್ಮ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟಳು. "ಮಾವ, ನಾನೇ ನೋಡಿದೀನಲ್ಲ. ನೆಟ್ಟಗೆ ನಿಂತಿತ್ತು."

"ನೀನು ನೋಡಿದ್ದು ಒಂದೇ ಸಲ, ಅದೂ ಕಾಫಿ ಲೋಟದ ಮೇಲಿಂದ. ಆವತ್ತು ನೆಟ್ಟಗೆ ನಿಂತಿತ್ತು, ಇವತ್ತು ಹಲಗೆ ಥರ ಮಲಗಿತ್ತು. ಒಂದು ತಲೇಲಿ ಎರಡು ಥರ ಕೂದಲು ಬೆಳೆಯುತ್ತಾ? ಮನೆಗೊಂದು, ಆಫೀಸಿಗೊಂದು ಇಟ್ಟಿದಾನೆ."

"ಬೋಡ ಆದ್ರೇನ್ಲಾ ಬೀರಾ?" ಅಂದರು ಅಮ್ಮಯಮ್ಮ. "ನಿಮ್ಮಪ್ಪ ಬೋಡ ಆಗಿರ್ಲಿಲ್ವಾ? ನಾನು ಬಾಳ್ವೆ ಮಾಡ್ಲಿಲ್ವಾ?"

"ಅಪ್ಪ ಮುಚ್ಚಿಡ್ಲಿಲ್ಲ. ತಲೇನೇ ಮುಚ್ಚಿಡೋನು ಇನ್ನೇನೇನು ಮುಚ್ಚಿಟ್ಟಿದಾನೋ! ಅಪ್ಪ ಇಲ್ಲದ ಮಗು ಅವ್ವಾ. ನಾಳೆ ಮೋಸ ಆದ್ರೆ ಊರೋರು ಕೇಳೋದು ನನ್ನ."

ಅಮ್ಮಯಮ್ಮ ಬಿಡಿಸಿದ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದರು. "ವಿಚಾರಿಸಿ ನೋಡು," ಅಂದರು. "ಗಲಾಟೆ ಮಾಡ್ಬೇಡ. ಕೂದಲು ಸುಳ್ಳು ಅಂತ ಖಾತ್ರಿಯಾದ್ರೆ ಸಂಬಂಧ ಬೇಡ."

ಮುನಿರತ್ನಮ್ಮ ಎದ್ದು ಒಳಗೆ ಹೋದಳು. ಆ ದಿನದ ಅವರೆಕಾಯಿ ಅರ್ಧದಲ್ಲೇ ಉಳಿಯಿತು.

ವಿಚಾರಣೆ ನೆಲಮಂಗಲದ ಬಸ್ ಸ್ಟ್ಯಾಂಡಿನ ಹತ್ತಿರದ ಸಲೂನಿನಲ್ಲಿ ಶುರುವಾಯಿತು. ಅದರ ಮಾಲೀಕ ರಾಮಾಂಜಿನಪ್ಪ. ಎರಡು ಗೋಡೆಗೆ ಎರಡು ಎದುರುಬದುರು ಕನ್ನಡಿ, ಒಂದು ರೇಡಿಯೋ, ಹೋದ ವಾರದ ಪೇಪರು, ತಿರುಗುವ ಒಂದೇ ಕುರ್ಚಿ. ಆ ಕುರ್ಚಿಯಲ್ಲಿ ಕೂತರೆ ಒಬ್ಬ ಮನುಷ್ಯ ಕನ್ನಡಿಯೊಳಗೆ ಕನ್ನಡಿಯಾಗಿ ದೂರದವರೆಗೆ ಸಾಲಾಗಿ ಕಾಣುತ್ತಿದ್ದ. ಚಿಕ್ಕವರಾಗಿದ್ದಾಗ ನಾವೆಲ್ಲ ಆ ಸಾಲಿನ ಕೊನೆಯವನು ಎಲ್ಲಿದ್ದಾನೆಂದು ಬಗ್ಗಿ ನೋಡಿ ರಾಮಾಂಜಿನಪ್ಪನವರಿಂದ ತಲೆಗೆ ಮೊಟಕಿಸಿಕೊಂಡವರೇ.

ದೊಡ್ಡಬೀರಪ್ಪ ಗಡ್ಡಕ್ಕೆಂದು ಕೂತು, ಸೋಪು ಹಚ್ಚಿಸಿಕೊಂಡು, ಸಹಜವಾಗಿ ಕೇಳಿದರು.

"ಲಾರಿ ಆಫೀಸಿನ ಕೊಂಡಪ್ಪ ಅಂತ ಇದಾರಲ್ಲ, ಅವರು ಕಟಿಂಗಿಗೆ ಇಲ್ಲಿಗೇ ಬರ್ತಾರಾ?"

ರಾಮಾಂಜಿನಪ್ಪನವರ ಕತ್ತಿ ನಿಂತಿತು. ನಿಂತದ್ದು ಗಂಟಲಿನ ಮೇಲೆ.

"ಆ ಹೆಸರು ಇಲ್ಲಿ ಎತ್ತಬೇಡಿ ಯಜಮಾನ್ರೆ."

"ಯಾಕಪ್ಪಾ?"

"ದಸರಾ ಆದ ಮೇಲೆ ಅವನ ತಲೆಗೆ ನನ್ನ ಕತ್ತರಿ ಮುಟ್ಟಿಲ್ಲ. ಈ ಕಡೆ ತಲೆ ಹಾಕಿಲ್ಲ."

"ದಸರಾದಿಂದ! ಕೂದಲು ಬೆಳೆದಿರೋ ಹಂಗೆ ಕಾಣ್ಲಿಲ್ಲವಲ್ಲ?"

"ಅದನ್ನ ನೋಡೇ ಯಜಮಾನ್ರೆ ನನ್ನ ಹೊಟ್ಟೆ ಉರಿಯೋದು," ಅಂದರು ರಾಮಾಂಜಿನಪ್ಪ. ತಮ್ಮ ಗಿರಾಕಿ ಬೆಂಗಳೂರಿನ ಸಲೂನಿಗೆ ಹೋಗುತ್ತಾನೆಂದು ಬಾಯಿಬಿಟ್ಟು ಹೇಳುವುದು ಅವರ ಮರ್ಯಾದೆಗೆ ಕಡಿಮೆಯಾಗಿತ್ತು. "ಇನ್ನು ನೀವು ಏನೂ ಕೇಳಬೇಡಿ. ನಾನೂ ಏನೂ ಹೇಳಲ್ಲ."

ದೊಡ್ಡಬೀರಪ್ಪನವರಿಗೆ ಇಷ್ಟು ಸಾಕಾಯಿತು. ದಸರಾದಿಂದ ಕತ್ತರಿ ಬಿದ್ದಿಲ್ಲ, ಕೂದಲು ಒಂದಿಂಚೂ ಬೆಳೆದಿಲ್ಲ. ಸತ್ತ ಕೂದಲು ಮಾತ್ರ ಹಾಗಿರುತ್ತದೆ.

ಅಲ್ಲಿಂದ ನೇರ ಕೊಂಡಪ್ಪನ ಮನೆಗೆ ಬಂದರು. ಹೇಳದೆ ಬಂದರು. ಸಂಜೆಯ ಹೊತ್ತು. ಗಂಜಿಯ ಪ್ರಯೋಗ ಅಷ್ಟರಲ್ಲಿ ಮುಗಿದಿತ್ತು. ಮೊದಲ ದಿನವೇ ಮಧ್ಯಾಹ್ನದ ಬಿಸಿಲಿಗೆ ಅದು ಹಪ್ಪಳದ ಹಾಗೆ ಬಿರಿದು ಆಫೀಸಿನ ರಸೀದಿಗಳ ಮೇಲೆಲ್ಲ ಉದುರಿತ್ತು. ಮನೆಗೆ ಬಂದರೆ ಇರುವೆ. ಮುನಿವೆಂಕಟಮ್ಮ ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದಿದ್ದರು. ಈಗ ಎರಡನೆಯ ಪ್ರಯೋಗ ನಡೆಯುತ್ತಿತ್ತು: ಒದ್ದೆ ಟವೆಲನ್ನು ತಲೆಗೆ ಬಿಗಿಯಾಗಿ ಬಿಗಿದು ಸಂಜೆಯೆಲ್ಲ ಕೂರುವುದು.

ಬಾಗಿಲಲ್ಲಿ ದೊಡ್ಡಬೀರಪ್ಪನವರ ದನಿ ಕೇಳಿದ ಕೊಂಡಪ್ಪ ಒಂದೇ ನೆಗೆತಕ್ಕೆ ಒಳಕೋಣೆ ಸೇರಿದ.

"ಮಾವ, ಕೂತ್ಕೊಂಡಿರಿ! ತಲೆ ಸರಿಮಾಡ್ಕೊಂಡು ಬಂದ್ಬಿಟ್ಟೆ!"

"ನಿಧಾನಕ್ಕೆ ಮಾಡ್ಕೊಳಪ್ಪಾ. ಗಂಟು ಸರಿಯಾಗಿ ಹಾಕ್ಕೋ," ಅಂದರು ದೊಡ್ಡಬೀರಪ್ಪ.

ಕೊಂಡಪ್ಪ ಹೊರಬಂದ. ಕೂದಲು ಒತ್ತಿಕೊಂಡು ಕೂತಿತ್ತು. ಟವೆಲು ಬಿಗಿದಿದ್ದ ಜಾಗದಲ್ಲಿ, ಹಣೆಯ ಈ ಕಡೆಯಿಂದ ಆ ಕಡೆಗೆ, ಕೆಂಪು ಗೆರೆ ಮೂಡಿತ್ತು. ಆ ಗೆರೆಯನ್ನು ದೊಡ್ಡಬೀರಪ್ಪ ಚೆನ್ನಾಗಿ ಬಲ್ಲರು. ನಾಟಕದ ಮಾರನೆಯ ದಿನ ಅಂಥದೇ ಗೆರೆ ಹೊತ್ತು ಅವರು ಹೊಲಕ್ಕೆ ಹೋಗುತ್ತಿದ್ದರು. ಕೈ ಚಾಚಿ ಒಂದು ಸಲ ಎಳೆದಿದ್ದರೆ ಎಲ್ಲ ಇತ್ಯರ್ಥವಾಗುತ್ತಿತ್ತು. ಆದರೆ ಬೀಗರ ಮನೆಯಲ್ಲಿ ಕೂತು, ಅವರು ಕೊಟ್ಟ ನೀರು ಕುಡಿದು, ಅವರ ಮಗನ ಕೂದಲು ಎಳೆಯುವುದು ಹೇಗೆ?

"ಕೂದಲು ಚೆನ್ನಾಗಿದೆ," ಅಂದರು.

"ನಮ್ಮ ವಂಶದಲ್ಲೇ ಕೂದಲು ಜಾಸ್ತಿ ಬೀಗರೇ," ಎನ್ನುತ್ತ ಕೊಂಡಪ್ಪನ ತಂದೆ ಬೈಲಪ್ಪ ಹಿತ್ತಲಿನಿಂದ ಬಂದರು. "ನನ್ನದೂ ಹಿಂಗೇ ಇತ್ತು." ಮಾತಿಗೆ ಸಾಕ್ಷಿ ತೋರಿಸುವವರ ಹಾಗೆ ರುಮಾಲು ತೆಗೆದರು. ತಲೆ ನುಣ್ಣಗೆ ಹೊಳೆಯಿತು.

ದೊಡ್ಡಬೀರಪ್ಪನವರ ಕಣ್ಣು ಆ ತಲೆಯ ಮೇಲೇ ನಿಂತದ್ದನ್ನು ಬೈಲಪ್ಪ ಕಂಡರು.

"ಓ, ಇದಾ! ಮಗನಿಗೆ ಹೆಣ್ಣು ಗೊತ್ತಾಯ್ತು ಅಂತ ಮೊನ್ನೆ ತಿರುಪತೀಲಿ ಮುಡಿ ಕೊಟ್ಬಂದೆ."

"ಒಳ್ಳೇದು," ಅಂದರು ದೊಡ್ಡಬೀರಪ್ಪ. "ದೇವರ ಹೆಸರು ಹೇಳಿದ್ರೆ ಯಾರೂ ಕೇಳೋ ಹಂಗಿಲ್ಲ."

ಆಮೇಲೆ ಗಂಟಲು ಸರಿಮಾಡಿಕೊಂಡು, ಬಸ್ಸಿನಲ್ಲಿ ಬರುವಾಗ ತಾವೇ ಕಟ್ಟಿದ್ದ ಒಂದು ಪದ್ಧತಿಯನ್ನು ಮುಂದಿಟ್ಟರು.

"ನಮ್ಮ ಕಡೆ ಒಂದು ಸಂಪ್ರದಾಯ ಉಂಟು. ವೀಳ್ಯಶಾಸ್ತ್ರಕ್ಕೆ ಮುಂಚೆ ಗಂಡು ನಮ್ಮ ಮನೆದೇವರಿಗೆ ಮುಡಿ ಕೊಡಬೇಕು. ನಮ್ಮ ಕಣ್ಣೆದುರಿಗೇ."

ಮುನಿವೆಂಕಟಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. "ಅಯ್ಯೋ ಅಣ್ಣಾ, ಅದೆಂಥ ಸಂಪ್ರದಾಯ! ಅಪ್ಪ ಬದುಕಿರೋವಾಗ ಮದುವೆ ಗಂಡು ತಲೆ ಬೋಳಿಸ್ಕೊಂಡು ವೀಳ್ಯಕ್ಕೆ ಕೂತ್ಕೊಳ್ಳೋದಾ? ಅಪ್ಪಂದೂ ಬೋಳು, ಮಗಂದೂ ಬೋಳು ಅಂದ್ರೆ, ನಿಮ್ಮ ಮನೇಲಿ ಯಾರು ಹೋದ್ರು ಅಂತ ಬೀದಿ ಜನ ಹೂವಿನ ಹಾರ ತಗೊಂಡು ಬರ್ತಾರೆ!"

"ಹಂಗಾದ್ರೆ ಕೊಡಕ್ಕಾಗಲ್ಲ?"

"ಮದುವೆ ಆದ್ಮೇಲೆ ಬೇಕಾದ್ರೆ ಕೊಡ್ತಾನೆ."

"ಮದುವೆ ಆದ್ಮೇಲೆ ನಮಗೆ ಎಲ್ಲಾ ತಾನಾಗೇ ಗೊತ್ತಾಗುತ್ತೆ ಬಿಡಮ್ಮ," ಎಂದು ದೊಡ್ಡಬೀರಪ್ಪ ಎದ್ದರು. ಊಟಕ್ಕೂ ನಿಲ್ಲಲಿಲ್ಲ. ಬೀಗರು ಊಟಕ್ಕೆ ನಿಲ್ಲದೆ ಹೋದದ್ದು ನಮ್ಮ ಬೀದಿಗೆಲ್ಲ ಗೊತ್ತಾಯಿತು. ಸಂಬಂಧ ಅಲ್ಲಾಡುತ್ತಿದೆ ಎಂದು ಎಲ್ಲರಿಗೂ ಅರ್ಥವಾಯಿತು. ಯಾಕೆ ಎಂದು ಯಾರಿಗೂ ಆಗಲಿಲ್ಲ.

ಭಾನುವಾರ ಕೊಂಡಪ್ಪ ಬಹಳ ದಿನದ ಮೇಲೆ ರಾಮಾಂಜಿನಪ್ಪನವರ ಸಲೂನಿನ ಮುಂದೆ ಬಂದು ನಿಂತ. ಅವರು ಮೊದಲು ರೇಡಿಯೋದ ಕಡೆ ತಿರುಗಿಕೊಂಡರು. ಆಮೇಲೆ ಮನಸ್ಸು ತಡೆಯಲಿಲ್ಲ.

"ನಿನ್ನ ಹೆಣ್ಣಿನ ಮಾವ ಬಂದಿದ್ರು ಕಣೋ. ಬೇರೆ ಏನೂ ಕೇಳ್ಲಿಲ್ಲ. ಬರೀ ನಿನ್ನ ಕೂದಲಿನ ವಿಚಾರ. ಮುಖ ಹುಳ್ಳಗೆ ಮಾಡ್ಕೊಂಡು ಹೋದ್ರು."

ಕೊಂಡಪ್ಪನ ಮುಂದೆ ಈಗ ಮೂರು ಸಂಗತಿಗಳಿದ್ದವು. ಹುಡುಗಿ ಕೂದಲು ನೋಡಿ ನಕ್ಕಿದ್ದಾಳೆ. ಮಾವ ಕೂದಲಿನ ಬಗ್ಗೆ ಊರಲ್ಲಿ ವಿಚಾರಿಸಿದ್ದಾರೆ. ವೀಳ್ಯಕ್ಕೆ ಮುಂಚೆ ಅದನ್ನು ಬೋಳಿಸು ಎಂದಿದ್ದಾರೆ. ಮೂರೂ ನಿಜವಾದ ಸಂಗತಿಗಳು.

"ಅವರಿಗೆ ನನ್ನ ಕೂದಲು ಬೇಡವಾಗಿದೆ ರಾಮಾಂಜಿನಣ್ಣ," ಅಂದ. "ಈ ಕೂದಲು ಅವರ ಕಣ್ಣಿಗೆ ಬೀಳದ ಹಂಗೆ ಏನಾದ್ರೂ ಮಾಡಬೇಕು."

"ಕೂರು ಬಾ, ತೆಳ್ಳಗೆ ಮಾಡ್ಕೊಡ್ತೀನಿ."

"ಕತ್ತರಿಸಿದ್ರೆ ಇನ್ನೂ ನೆಟ್ಟಗೆ ನಿಲ್ಲುತ್ತೆ. ಬೋಳಿಸಿದ್ರೆ ಅಮ್ಮ ಮನೆಗೆ ಸೇರ್ಸಲ್ಲ. ಇದನ್ನ ಮುಚ್ಚಬೇಕು."

ಮುಚ್ಚುವ ದಾರಿ ಅವನಿಗೆ ಹೊಳೆದದ್ದು ಸೋಮವಾರ. ಬಳೇಪೇಟೆಯ ಕಡೆ ನಾಟಕದ ಸಾಮಾನು ಬಾಡಿಗೆ ಕೊಡುವ ಒಂದು ಅಂಗಡಿಗೆ ಹೋದ. ಅಂಗಡಿಯವನು ಕಿರೀಟವೊಂದನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದ.

"ಒಂದು ಟೋಪನ್ನು ಬೇಕಾಗಿತ್ತು."

"ಯಾವ ಪಾತ್ರ?"

"ಮದುವೆ ಗಂಡು."

"ಸಾಮಾಜಿಕ ನಾಟಕಾನಾ?"

ಕೊಂಡಪ್ಪ ಸ್ವಲ್ಪ ಯೋಚಿಸಿ, "ಹೌದು," ಅಂದ.

ಅಂಗಡಿಯವನು ಪಕ್ಕದ ಬೈತಲೆ, ಮುಂದೆ ಅಲೆ ಇರುವ ಒಂದನ್ನು ತೆಗೆದುಕೊಟ್ಟ. ಕೊಂಡಪ್ಪ ಅದನ್ನು ಹಾಕಿಕೊಂಡು ಕನ್ನಡಿ ನೋಡಿದ. ಅಂಗಡಿಯವನು ಎರಡೂ ಅಂಗೈಯಿಂದ ಮೇಲಿನಿಂದ ಒತ್ತಿದ. ಬಿಟ್ಟರೆ ಮೇಲೆ ಬಂತು.

"ಒಳಗೆ ಇಷ್ಟು ಕೂದಲು ಇಟ್ಕೊಂಡು ಮೇಲಕ್ಕೆ ಕೂದಲು ಕೇಳಿದ ಗಿರಾಕಿ ನೀವೊಬ್ಬರೇ ಸಾರ್," ಎಂದು ಹಿಂದುಗಡೆ ಎರಡು ದಾರ ಜಾಸ್ತಿ ಹೊಲಿದುಕೊಟ್ಟ.

ಅತ್ತ ಅನುಗೊಂಡನಹಳ್ಳಿಯಲ್ಲಿ ದೊಡ್ಡಬೀರಪ್ಪ ಸಂಬಂಧ ಬೇಡವೇ ಬೇಡ ಎಂದು ಕೂತಿದ್ದರು. ಮುನಿರತ್ನಮ್ಮ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅಮ್ಮಯಮ್ಮ ಇಬ್ಬರನ್ನೂ ನೋಡಿ ಒಂದು ತೀರ್ಮಾನ ಕೊಟ್ಟರು.

"ಬರ್ಲಿ. ನಾಲ್ಕು ಜನದ ಮುಂದೆ ನೋಡೇ ಬಿಡೋಣ. ಟೋಪನ್ನು ಆದ್ರೆ ಕೈಮುಗಿದು ಕಳಿಸೋದು. ಆದ್ರೆ ಲೇ ಬೀರಾ, ನಿನ್ನ ಮಾತು ಸುಳ್ಳಾದ್ರೆ ನೀನು ಇನ್ನು ನಾಟಕ ಆಡೋ ಹಂಗಿಲ್ಲ."

ವೀಳ್ಯಶಾಸ್ತ್ರದ ದಿನ ನೆಲಮಂಗಲದಿಂದ ನಾವೊಂದಿಷ್ಟು ಜನ ಒಂದು ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಕೊಂಡಪ್ಪ ಡ್ರೈವರಿನ ಪಕ್ಕ ಮಫ್ಲರು ಸುತ್ತಿಕೊಂಡು ಕೂತಿದ್ದ. ಹೊಸಕೋಟೆ ದಾಟಿದ ಮೇಲೆ ಬಿಚ್ಚಿದ. ಮುನಿವೆಂಕಟಮ್ಮ ಹಿಂದಿನ ಸೀಟಿನಿಂದ ಮುಂದೆ ಬಗ್ಗಿದರು.

"ಏನೋ ಇದು ತಲೆ?"

"ಹೊಸ ಸೆಟ್ಟಿಂಗಮ್ಮ."

"ಪರವಾಗಿಲ್ಲ ಕಣೋ, ಚೆನ್ನಾಗಿ ಕೂತಿದೆ. ಇರುವೆ ಬರದ ಹಂಗೆ ನೋಡ್ಕೋ."

ಮನೆಯ ಮುಂದೆ ಚಪ್ಪರ ಹಾಕಿದ್ದರು. ಜಮಖಾನದ ಮೇಲೆ ಒಂದು ಕಡೆ ಅವರ ಊರಿನ ಹಿರಿಯರು, ಇನ್ನೊಂದು ಕಡೆ ನಾವು, ನಡುವೆ ಹಣ್ಣು, ಹೂವು, ಕೊಬ್ಬರಿ, ವೀಳ್ಯದೆಲೆಯ ತಟ್ಟೆಗಳು. ಮುನಿರತ್ನಮ್ಮ ಒಳಬಾಗಿಲಲ್ಲಿ ಹೆಂಗಸರ ನಡುವೆ ನಿಂತಿದ್ದಳು. ಬಿಸಿಲು ಏರಿತು. ಚಪ್ಪರದೊಳಗೆ ಸೆಕೆ ಶುರುವಾಯಿತು. ಬೆವರಿದ ಕೊಂಡಪ್ಪನ ಸ್ವಂತ ಕೂದಲು ಒಳಗೆ ಒಂದೊಂದಾಗಿ ಎದ್ದು ನಿಲ್ಲತೊಡಗಿತು. ಶಾಸ್ತ್ರ ಶುರುವಾದಾಗ ಹುಬ್ಬಿನ ಹತ್ತಿರ ಇದ್ದ ಅಲೆ ಪುರೋಹಿತರು ಮಂತ್ರ ಮುಗಿಸುವ ಹೊತ್ತಿಗೆ ನಡುನೆತ್ತಿಗೆ ಹೋಗಿತ್ತು. ಹೆಣ್ಣಿನ ಕಡೆಯ ಒಬ್ಬ ಹೆಂಗಸು ಪಕ್ಕದವಳಿಗೆ, "ಗಂಡು ಕೂತ ಕಡೆಯೇ ಬೆಳೀತಾ ಅವ್ನಲ್ಲೇ," ಅಂದಳು. ಕೊಂಡಪ್ಪ ಎರಡು ಸಲ ತಲೆ ತುರಿಸಿಕೊಳ್ಳುವವನ ಹಾಗೆ ಕೈ ಎತ್ತಿ ಅದನ್ನು ಕೆಳಕ್ಕೆ ಒತ್ತಿದ. ಎರಡು ಸಲವೂ ಅದು ಬೇರೆ ಬೇರೆ ಕಡೆಗೆ ತಿರುಗಿ ಕೂತಿತು.

ದೊಡ್ಡಬೀರಪ್ಪ ಇಷ್ಟನ್ನೂ ನೋಡಿದರು. ಹಿಂದಿನಿಂದ ಇಣುಕುತ್ತಿದ್ದ ದಾರವನ್ನೂ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತಿಂಗಳಿಂದ ಹೇಳುತ್ತ ಬಂದ ಮಾತು ನಿಜವಾಗುವುದನ್ನು ಕಾಣುವವನ ಶಾಂತಿ ಇತ್ತು. ಗಂಡಿಗೆ ಪೇಟ ಕಟ್ಟುವುದು ಹೆಣ್ಣಿನ ಸೋದರಮಾವನ ಹಕ್ಕು. ಅವರು ಪೇಟ ಹಿಡಿದು ಕೊಂಡಪ್ಪನ ಹಿಂದೆ ಬಂದು ನಿಂತರು. ಪೇಟ ಕಟ್ಟಲಿಲ್ಲ.

"ಊರ ಹಿರಿಯರೆಲ್ಲ ಒಂದು ಸಲ ಈ ಕಡೆ ನೋಡಬೇಕು," ಎಂದು ನಾಟಕದ ದನಿಯಲ್ಲಿ ಅಂದರು. "ಅಪ್ಪ ಇಲ್ಲದ ಹುಡುಗಿಗೆ ಇವರು ತಂದಿರೋ ಗಂಡು ಇದು!"

ಟೋಪನ್ನು ಹಿಡಿದು ಎಳೆದರು.

ಒಳಗಿನಿಂದ, ತಿಂಗಳಿಂದ ಗಂಜಿ, ಟವೆಲು, ದಾರಗಳ ಕೆಳಗೆ ನರಳಿದ್ದ ಕೂದಲೆಲ್ಲ ಒಟ್ಟಿಗೆ ಎದ್ದು ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಹಿಂದಕ್ಕೆ ಸರಿದದ್ದು ನಿಜ. ಕೂಗಿಕೊಂಡರು ಎನ್ನುವುದು ಆಮೇಲೆ ಸೇರಿಸಿದ್ದು.

ದೊಡ್ಡಬೀರಪ್ಪ ಕೈಯಲ್ಲಿದ್ದ ಟೋಪನ್ನನ್ನು ನೋಡಿದರು, ತಲೆಯನ್ನು ನೋಡಿದರು. ಆದರೆ ಅಷ್ಟು ಸುಲಭಕ್ಕೆ ಸೋಲುವವರಲ್ಲ.

"ಒಳಗೆ ಇನ್ನೊಂದು ಹಾಕಿದಾನೆ!"

"ಸರಿಯಲಾ," ಎಂದು ಅಮ್ಮಯಮ್ಮ ಕೋಲೂರಿಕೊಂಡು ಬಂದರು. ಕೊಂಡಪ್ಪನ ನೆತ್ತಿಯ ಮೇಲೆ ಕೈಯಿಟ್ಟು ಒಂದು ಹಿಡಿ ಕೂದಲು ಬಲವಾಗಿ ಜಗ್ಗಿದರು.

"ಅಯ್ಯೋ ಅಜ್ಜೀ! ಪ್ರಾಣ ಹೋಯ್ತು!"

"ಹುಟ್ಟಿದ ಕೂದಲೇ ಕಣ್ರೋ," ಎಂದು ಅಮ್ಮಯಮ್ಮ ಸಾರಿದರು. ಸಮಾಧಾನವಾಗದ ಇಬ್ಬರು ಹಿರಿಯರು ತಾವೂ ಒಂದೊಂದು ಸಲ ಜಗ್ಗಿ ನೋಡಿದರು. ಪುರೋಹಿತರು ತಮಗೆ ಬೇಡ ಅಂದರು.

ಈಗ ಚಪ್ಪರದಲ್ಲಿ ಬೇರೆ ಪ್ರಶ್ನೆ ಎದ್ದಿತು. ಅದನ್ನು ಕೇಳಿದವರು ಊರಿನ ಹಿರಿಯರಲ್ಲೊಬ್ಬರು.

"ಅಲ್ಲಪ್ಪಾ, ಬೋಡ ಆದೋನು ಟೋಪನ್ನು ಹಾಕ್ತಾನೆ, ಸರಿ. ತಲೆ ತುಂಬ ಕೂದಲಿರೋನು ಯಾಕಪ್ಪಾ ಹಾಕ್ಕೊಂಡು ಬಂದೆ?"

ಕೊಂಡಪ್ಪ ಎದ್ದು ನಿಂತ. "ಅವತ್ತು ನೋಡೋಕೆ ಬಂದಾಗ ಇವರು ನನ್ನ ಕೂದಲು ನೋಡಿ ನಕ್ಕಿದ್ರು. ಮಾವ ಬಂದು ಬೋಳಿಸು ಅಂದ್ರು. ನಿಮಗ್ಯಾರಿಗೂ ಈ ಕೂದಲು ಹಿಡಿಸ್ಲಿಲ್ಲ ಅಂತ..."

"ಬೋಡ ಆಗಿದ್ರೇ ವಾಸಿಯಾಗಿತ್ತು," ಎಂದು ದೊಡ್ಡಬೀರಪ್ಪ ತಾಯಿಯ ಕಿವಿಯಲ್ಲಿ ಅಂದರು. ಆದರೆ ಅವರದ್ದು ರಂಗಸ್ಥಳದ ದನಿಯಾದ್ದರಿಂದ ಎಲ್ಲರಿಗೂ ಕೇಳಿತು. "ಇವನಿಗೆ ತಲೆ ಮೇಲಿರೋದಲ್ಲ ಅವ್ವಾ, ಒಳಗಿರೋದೇ ಸರಿಯಿಲ್ಲ. ಯೋಚನೆ ಮಾಡು."

ಬೈಲಪ್ಪನವರ ಮುಖ ಕೆಂಪಾಯಿತು. "ನನ್ನ ಮಗನ ತಲೆ ಊರೆಲ್ಲ ಸೇರಿ ಎಳೆದಿದ್ದು ಸಾಲದು ಅಂತ ಈಗ ಹುಚ್ಚ ಅನ್ನೋದು ಬೇರೆನಾ? ಎದ್ದೇಳ್ರೋ, ವ್ಯಾನು ಹತ್ರಿ!" ಎಂದು ಟವೆಲು ಕೊಡವಿ ಎದ್ದರು. ನಾವೂ ಎದ್ದೆವು. ಮುನಿವೆಂಕಟಮ್ಮ ತಾವು ತಂದಿದ್ದ ಹಣ್ಣಿನ ತಟ್ಟೆ ವಾಪಸ್ಸು ಎತ್ತಿಕೊಂಡರು. ಹೆಣ್ಣಿನ ಕಡೆಯ ಒಬ್ಬರು ಅದರ ಇನ್ನೊಂದು ಅಂಚು ಹಿಡಿದುಕೊಂಡರು. ಕೊಂಡಪ್ಪ ಒಬ್ಬನೇ ಎಲ್ಲಿ ನಿಂತಿದ್ದನೋ ಅಲ್ಲೇ ನಿಂತಿದ್ದ.

ಆಗ ಬಾಗಿಲಿನಿಂದ ಮುನಿರತ್ನಮ್ಮನ ದನಿ ಬಂತು. ಜೋರಾಗಿಯೇನೂ ಇರಲಿಲ್ಲ.

"ಅಜ್ಜೀ, ನಾನು ಒಪ್ಪಿದ ಗಂಡು ಈಗ ಬಂದ್ರು. ಇಷ್ಟೊತ್ತು ಕೂತಿದ್ದೋರು ಯಾರೋ ನನಗೆ ಗೊತ್ತಿರ್ಲಿಲ್ಲ."

ಬೈಲಪ್ಪನವರ ಟವೆಲು ಗಾಳಿಯಲ್ಲೇ ನಿಂತಿತು.

"ಹಂಗಂದ್ರೆ ಏನೇ?" ಅಂದರು ಅಮ್ಮಯಮ್ಮ.

"ಕಾಫಿ ಕೊಡೋವಾಗ ಇವರ ಕೂದಲು ಹಿಂಗೇ ನಿಂತಿತ್ತು. ಅದನ್ನ ನೋಡೇ ನಗು ಬಂತು, ಅದನ್ನ ನೋಡೇ ಒಪ್ಪಿದ್ದು. ನನ್ನ ಕೇಳಿದ್ರೆ ಆವತ್ತೇ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ." ಇಷ್ಟು ಹೇಳಿ ಅವಳು ಹೆಂಗಸರ ಹಿಂದೆ ಸರಿದಳು. ಸರಿಯುವಾಗ ಇನ್ನೊಂದು ಸಲ ಆ ತಲೆ ನೋಡಿ ನಕ್ಕದ್ದನ್ನು ಗಂಡಿನ ಕಡೆಯವರು ಎಲ್ಲರೂ ಕಂಡಿದ್ದಾರೆ.

ಅಮ್ಮಯಮ್ಮ ಮಗನ ಕೈಯಿಂದ ಟೋಪನ್ನು ಕಸಿದುಕೊಂಡು, ಪೇಟವನ್ನು ತೋರಿಸಿದರು. "ನಿಂತ್ಕೊಂಡು ಏನ್ಲಾ ನೋಡ್ತೀಯ? ಕಟ್ಟು."

ದೊಡ್ಡಬೀರಪ್ಪ ಪೇಟ ಕಟ್ಟಿದರು. ಕೂದಲಿನ ಮೇಲೆ ಅದು ಕೂರಲು ಸ್ವಲ್ಪ ಹೊತ್ತು ಹಿಡಿಯಿತು. ಹಣ್ಣಿನ ತಟ್ಟೆಯನ್ನು ಎರಡೂ ಕಡೆಯವರು ಕೆಳಗಿಟ್ಟರು. ವೀಳ್ಯ ಬದಲಾಯಿತು. ಹಿತಕಿದ ಅವರೆಬೇಳೆ ಸಾರು, ಮುದ್ದೆ, ಪಾಯಸದ ಊಟವಾಯಿತು. ಬೈಲಪ್ಪ, ದೊಡ್ಡಬೀರಪ್ಪ ಅಕ್ಕಪಕ್ಕ ಕೂತು ಉಂಡರು. ಮಾತಾಡಲಿಲ್ಲ, ಆದರೆ ಒಬ್ಬರು ಇನ್ನೊಬ್ಬರ ಎಲೆಗೆ ಬಡಿಸಿ ಎಂದು ಕೂಗಿ ಹೇಳುತ್ತಿದ್ದರು.

ಮದುವೆ ಮೇ ತಿಂಗಳಲ್ಲಿ ಅನುಗೊಂಡನಹಳ್ಳಿಯಲ್ಲೇ ನಡೆಯಿತು. ಧಾರೆಯ ಹೊತ್ತಿನಲ್ಲಿ ಬಾಸಿಂಗ ಹಣೆಯ ಮೇಲೆ ನಿಲ್ಲದೆ ಜಾರುತ್ತಿದ್ದುದರಿಂದ, ತಾಳಿ ಕಟ್ಟುವವರೆಗೂ ದೊಡ್ಡಬೀರಪ್ಪ ಕೊಂಡಪ್ಪನ ಹಿಂದೆ ನಿಂತು ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.